ಹತ್ತೊಂಬತ್ತು ಎಸೆತ, ಒಂದೇ ಬುಟ್ಟಿ. ಆದರೂ ಲಿಬರ್ಟಿ ಗೆದ್ದದ್ದು ಹೇಗೆ

ನ್ಯೂಯಾರ್ಕ್ ಲಿಬರ್ಟಿ ತಂಡ 2024ರಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಡಬ್ಲ್ಯುಎನ್‌ಬಿಎಯ ಪ್ರಶಸ್ತಿ ಗೆದ್ದ ಸೀಸನ್ನನ್ನು ತಾರೆಯರ ಸಾಹಸವೆಂದು ವರ್ಣಿಸುವವರೇ ಹೆಚ್ಚು. ಬ್ರಿಯಾನಾ ಸ್ಟೂವರ್ಟ್, ಸಬ್ರಿನಾ ಅಯೊನೆಸ್ಕು, ಜಾಂಕೆಲ್ ಜೋನ್ಸ್ ಒಂದೇ ಅಂಗಿ ತೊಟ್ಟ ಮೇಲೆ ಗೆಲ್ಲದೆ ಇನ್ನೇನು ಎಂಬ ಮಾತನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಮೂವರು 2023ರಲ್ಲೂ ಜೊತೆಗಿದ್ದರು. ಆ ವರ್ಷವೂ ತಂಡ ಲೀಗ್ ಹಂತದಲ್ಲಿ 32 ಪಂದ್ಯ ಗೆದ್ದು 8ರಲ್ಲಿ ಮಾತ್ರ ಸೋತಿತ್ತು. ಆದರೂ ಐದು ಪಂದ್ಯಗಳ ಫೈನಲ್ ಸರಣಿಯಲ್ಲಿ ಲಾಸ್ ವೇಗಸ್ ಏಸಸ್ ಎದುರು 3-1ರಿಂದ ಮುಗ್ಗರಿಸಿತು. ಕೊನೆಯ ಪಂದ್ಯವನ್ನು ತವರಿನಲ್ಲೇ, 70-69ರ ಒಂದೇ ಅಂಕದ ಅಂತರದಲ್ಲಿ ಕಳೆದುಕೊಂಡಿತು. 2024ರಲ್ಲೂ ಲೀಗ್ ಹಂತದ ಲೆಕ್ಕ ಅದೇ 32-8. ಹಾಗಿದ್ದಮೇಲೆ ಎರಡು ವರ್ಷಗಳ ನಡುವೆ ಬದಲಾದದ್ದು ಏನು ಎಂಬುದೇ ಕೇಳಬೇಕಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ತಾರೆಯರ ಕೈಹಿಡಿಯದ ರಾತ್ರಿಯಲ್ಲೂ ಕುಸಿಯದ ತಂಡವೊಂದು ಆ ಹೊತ್ತಿಗೆ ಸಿದ್ಧವಾಗಿತ್ತು.

ಮಿನ್ನೆಸೋಟ ಲಿಂಕ್ಸ್ ವಿರುದ್ಧ ಅಕ್ಟೋಬರ್ 20ರಂದು ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ನಡೆದ ಫೈನಲ್‌ನ ಐದನೇ ಮತ್ತು ನಿರ್ಣಾಯಕ ಪಂದ್ಯವೇ ಇದಕ್ಕೆ ಸಾಕ್ಷಿ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ಬೆಳಗಿನ ಐದೂವರೆ. ಬೆಂಗಳೂರಿನಲ್ಲಿ ಹಾಲಿನವರು ಬರುವ ಹೊತ್ತಿಗೆ ಅಲ್ಲಿ 18,090 ಮಂದಿ ಆಸನದ ತುದಿಯಲ್ಲಿ ಕುಳಿತಿದ್ದರು. ಅಯೊನೆಸ್ಕು ಅಂದು 19 ಸಲ ಬುಟ್ಟಿಗೆ ಗುರಿಯಿಟ್ಟರು, ಒಳಗೆ ಬಿದ್ದದ್ದು ಒಂದೇ. ಇದೇ ಆಟಗಾರ್ತಿ ನಾಲ್ಕು ದಿನಗಳ ಹಿಂದೆ ಮಿನಿಯಾಪೊಲಿಸ್‌ನಲ್ಲಿ 28 ಅಡಿ ದೂರದಿಂದ ಎಸೆದ ಮೂರು ಅಂಕದ ಎಸೆತದಿಂದ ಮೂರನೇ ಪಂದ್ಯವನ್ನು 80-77ರಿಂದ ಗೆಲ್ಲಿಸಿಕೊಟ್ಟಿದ್ದರು. ಎಸೆಯುವ ಕೈಯ ಹೆಬ್ಬೆರಳಿಗೆ ಪೆಟ್ಟಾಗಿತ್ತು ಎಂಬುದು, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದು ಫೈನಲ್ ಮುಗಿದ ಮೇಲಷ್ಟೇ ಹೊರಗೆ ಬಂತು. ಆ ದಿನ ಸ್ಟೂವರ್ಟ್ ಅವರಿಗೂ ಎಸೆತ ಕೂಡಿಬರುತ್ತಿರಲಿಲ್ಲ. ಮೊದಲಾರ್ಧ ಮುಗಿದಾಗ ಲಿಂಕ್ಸ್ 34-27ರಿಂದ ಮುಂದಿತ್ತು.

ಇಂಥ ಪಂದ್ಯವನ್ನು ಹಳೆಯ ಲಿಬರ್ಟಿ ಖಂಡಿತ ಸೋಲುತ್ತಿತ್ತು. ಈ ತಂಡವನ್ನು ಉಳಿಸಿದವರು ಬೆಂಚ್‌ನಿಂದ ಎದ್ದು ಬಂದ ನ್ಯಾರಾ ಸಬಾಲಿ. 2022ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಐದನೆಯವರಾಗಿ ಆಯ್ಕೆಯಾದ ಈ ಜರ್ಮನ್ ಆಟಗಾರ್ತಿ ಮೊಣಕಾಲಿನ ತೊಂದರೆಯಿಂದ ಮೊದಲ ಸೀಸನ್ ಪೂರ್ತಿ ಆಡಿರಲಿಲ್ಲ. ಅವರನ್ನು ಕೈಬಿಡದೆ ಕಾದದ್ದರ ಫಲ ಅಂದು ಸಿಕ್ಕಿತು: ಸಬಾಲಿ 13 ಅಂಕ ಗಳಿಸಿದರು, ಬುಟ್ಟಿಯ ಕೆಳಗೆ ಲಿಂಕ್ಸ್‌ನ ಎತ್ತರದ ಆಟಗಾರ್ತಿಯರ ನಡುವೆ ನುಗ್ಗಿ ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು) ಕಿತ್ತುಕೊಂಡರು. ಪಂದ್ಯ 60-60ರಲ್ಲಿ ಸಮವಾಗಿ ಹೆಚ್ಚುವರಿ ಅವಧಿಗೆ ಹೋದಾಗ ಮೊದಲ ಮೂರು ಅಂಕ ತಂದವರು ಅವರದೇ ದೇಶದ ಲಿಯೋನಿ ಫೀಬಿಶ್. ಅದರ ಬೆನ್ನಿಗೇ ಸಬಾಲಿ ಎದುರಾಳಿಯ ಪಾಸ್ ಕಸಿದು, ಇಡೀ ಅಂಕಣ ಓಡಿ ಚೆಂಡನ್ನು ಬುಟ್ಟಿಗೆ ಸೇರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ 65-60. ಆ ಐದು ನಿಮಿಷದಲ್ಲಿ ಲಿಂಕ್ಸ್ ಗಳಿಸಲು ಸಾಧ್ಯವಾದದ್ದು ಎರಡೇ ಅಂಕ. ಕೊನೆಯ ಲೆಕ್ಕ 67-62.

ಫೀಬಿಶ್ ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2020ರಲ್ಲೇ ಡ್ರಾಫ್ಟ್ ಆಗಿದ್ದರೂ ಅವರು ಅಮೆರಿಕದ ಅಂಕಣಕ್ಕೆ ಕಾಲಿಟ್ಟದ್ದು 2024ರಲ್ಲಿ. ನಡುವಿನ ವರ್ಷಗಳಲ್ಲಿ ಆಸ್ಟ್ರೇಲಿಯಾ, ಸ್ಪೇನ್ ಎಂದು ಬೇರೆ ಲೀಗ್‌ಗಳಲ್ಲಿ ಆಡಿ ಪಳಗಿದ್ದರು. ಲೀಗ್ ಹಂತದ ನಂತರದ ನಾಕೌಟ್ ಸುತ್ತುಗಳಾದ ಪ್ಲೇಆಫ್ ಶುರುವಾಗುವ ಹೊತ್ತಿಗೆ ಕೋಚ್ ಸ್ಯಾಂಡಿ ಬ್ರಾಂಡೆಲ್ಲೊ ಆರಂಭಿಕ ಐವರ ಪಟ್ಟಿಯಿಂದ ಕೋರ್ಟ್ನಿ ವ್ಯಾಂಡರ್‌ಸ್ಲೂಟ್ ಅವರನ್ನು ತೆಗೆದು ಫೀಬಿಶ್ ಅವರನ್ನು ಇಳಿಸಿದರು. ವ್ಯಾಂಡರ್‌ಸ್ಲೂಟ್ ಎಂದರೆ ಸಾಮಾನ್ಯರಲ್ಲ. ಲೀಗಿನ ಇತಿಹಾಸದಲ್ಲಿ ಅಸಿಸ್ಟ್‌ಗಳ (ಜೊತೆಗಾರ್ತಿಯ ಬುಟ್ಟಿಗೆ ದಾರಿಯಾದ ಪಾಸ್‌ಗಳ) ಲೆಕ್ಕದಲ್ಲಿ ಸೂ ಬರ್ಡ್ ಅವರ ನಂತರದ ಹೆಸರೇ ಇವರದು. 2021ರಲ್ಲಿ ಶಿಕಾಗೋ ಸ್ಕೈ ತಂಡದೊಂದಿಗೆ ಪ್ರಶಸ್ತಿ ಗೆದ್ದವರು. 2024ರ ಸೀಸನ್ನಿನಲ್ಲಿ ತಾಯಿಯನ್ನು ಕಳೆದುಕೊಂಡ ದುಃಖವನ್ನೂ ಹೊತ್ತು ಆಡುತ್ತಿದ್ದವರು. ಅಂಥವರನ್ನು ಬೆಂಚ್‌ನಲ್ಲಿ ಕೂರಿಸುವ ನಿರ್ಧಾರ ಎಷ್ಟು ಕಠಿಣವೋ, ಅದನ್ನು ಮುಖ ಸಿಂಡರಿಸದೆ ಸ್ವೀಕರಿಸಿದ ಆಟಗಾರ್ತಿಯ ಸಂಯಮವೂ ಅಷ್ಟೇ ದೊಡ್ಡದು. ಆರಂಭಿಕ ಆಟಗಾರ್ತಿಯಾಗಿ ಇಳಿದ ಮೊದಲ ಪ್ಲೇಆಫ್ ಪಂದ್ಯದಲ್ಲೇ, ಅಟ್ಲಾಂಟಾ ಡ್ರೀಮ್ ವಿರುದ್ಧ, ಫೀಬಿಶ್ 21 ಅಂಕ ಗಳಿಸಿದರು. ಅವರ ಎತ್ತರ ಮತ್ತು ರಕ್ಷಣೆಯಿಂದಾಗಿ, ಹಿಂದಿನ ವರ್ಷ ಎದುರಾಳಿಗಳು ಬಳಸಿಕೊಂಡಿದ್ದ ಬಿರುಕು ಮುಚ್ಚಿತು. ಸೆಮಿಫೈನಲ್‌ನಲ್ಲಿ ಏಸಸ್ ತಂಡವನ್ನು 3-1ರಿಂದ ಸೋಲಿಸಲು ಈ ಬದಲಾವಣೆಯೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಫೈನಲ್‌ನ ಬಗ್ಗೆ ಬರೆಯುವಾಗ ವಿವಾದವನ್ನು ಬದಿಗಿಟ್ಟು ಮುಂದೆ ಹೋದರೆ ಅದು ಪ್ರಾಮಾಣಿಕ ಬರಹವಾಗುವುದಿಲ್ಲ. ಐದನೇ ಪಂದ್ಯದ ನಿಗದಿತ ಅವಧಿ ಮುಗಿಯಲು 5.2 ಸೆಕೆಂಡ್ ಇದ್ದಾಗ, ಲಿಂಕ್ಸ್ ಎರಡು ಅಂಕ ಮುಂದಿದ್ದಾಗ, ಬುಟ್ಟಿಯತ್ತ ನುಗ್ಗಿದ ಸ್ಟೂವರ್ಟ್ ಅವರನ್ನು ಅಲಾನಾ ಸ್ಮಿತ್ ತಡೆದರು. ತೀರ್ಪುಗಾರರು ಫೌಲ್ ಎಂದರು. ಲಿಂಕ್ಸ್ ಮೇಲ್ಮನವಿ ಸಲ್ಲಿಸಿತು, ವಿಡಿಯೊ ನೋಡಿದ ಮೇಲೂ ತೀರ್ಪು ಬದಲಾಗಲಿಲ್ಲ. ಫೌಲ್‌ಗಾಗಿ ಸಿಕ್ಕ ಎರಡೂ ಫ್ರೀ ಥ್ರೋಗಳನ್ನು (ಯಾರೂ ಅಡ್ಡಬಾರದ, ತಲಾ ಒಂದು ಅಂಕದ ಎಸೆತ) ಸ್ಟೂವರ್ಟ್ ಬುಟ್ಟಿಗೆ ಹಾಕಿದರು. ಪ್ರಶಸ್ತಿಯನ್ನು ತಮ್ಮಿಂದ ಕದಿಯಲಾಗಿದೆ ಎಂದು ಲಿಂಕ್ಸ್ ಕೋಚ್ ಶೆರಿಲ್ ರೀವ್ ಪತ್ರಿಕಾಗೋಷ್ಠಿಯಲ್ಲಿ ಸಿಟ್ಟು ತೋಡಿಕೊಂಡರು. ಅವರ ಸಿಟ್ಟಿಗೆ ಆಧಾರವಿತ್ತು: ಆ ಪಂದ್ಯದಲ್ಲಿ ಲಿಬರ್ಟಿಗೆ 25 ಫ್ರೀ ಥ್ರೋ ಸಿಕ್ಕರೆ ಲಿಂಕ್ಸ್‌ಗೆ ಸಿಕ್ಕದ್ದು 8. ನನ್ನ ಕಣ್ಣಿಗೂ ಆ ಸ್ಪರ್ಶ ತೀರಾ ಚಿಕ್ಕದು. ಸೀಸನ್ನಿನ ಕೊನೆಯ ಕ್ಷಣದಲ್ಲಿ ತೀರ್ಪುಗಾರರು ಪೀಪಿ ಊದದೆ ಇರಬೇಕಿತ್ತು ಎಂದೇ ನನಗನಿಸಿತು. ಆದರೆ ನಾಲ್ಕನೇ ಪಂದ್ಯವನ್ನು ಲಿಂಕ್ಸ್ 82-80ರಿಂದ ಗೆದ್ದದ್ದೂ ಕೊನೆಯ ಎರಡು ಸೆಕೆಂಡ್‌ಗಳಿರುವಾಗ ಬ್ರಿಜೆಟ್ ಕಾರ್ಲ್ಟನ್ ಅವರಿಗೆ ಸಿಕ್ಕ ಫ್ರೀ ಥ್ರೋಗಳಿಂದಲೇ. ಮೇಲಾಗಿ, ಆ ಫೌಲ್‌ನಿಂದ ಲಿಬರ್ಟಿಗೆ ಸಿಕ್ಕದ್ದು ಸಮಬಲವೇ ಹೊರತು ಗೆಲುವಲ್ಲ.

ಲಿಂಕ್ಸ್ ಬಗ್ಗೆ ಒಂದು ಮಾತು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಮೊದಲ ಪಂದ್ಯದಲ್ಲಿ ಅವರು 18 ಅಂಕ ಹಿಂದಿದ್ದರು. ಐದೂವರೆ ಸೆಕೆಂಡ್ ಉಳಿದಿರುವಾಗ ಕೋರ್ಟ್ನಿ ವಿಲಿಯಮ್ಸ್ ಮೂರು ಅಂಕದ ಎಸೆತ ಹಾಕಿ, ಜೊತೆಗೆ ಫೌಲ್ ಗಿಟ್ಟಿಸಿ ನಾಲ್ಕನೇ ಅಂಕವನ್ನೂ ಸೇರಿಸಿದರು. ಅದಾದ ಮೇಲೆ 0.8 ಸೆಕೆಂಡ್ ಇರುವಾಗ ಸ್ಟೂವರ್ಟ್ ತಮಗೆ ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿಕೊಂಡರು. ಹೆಚ್ಚುವರಿ ಅವಧಿಯಲ್ಲಿ ಲಿಂಕ್ಸ್ 95-93ರಿಂದ ಗೆದ್ದಿತು. ನಫೀಸಾ ಕಾಲಿಯರ್ ಆ ಸರಣಿಯುದ್ದಕ್ಕೂ ಆಡಿದ ಆಟವನ್ನು ನೋಡಿದವರು ಯಾರೂ ಲಿಂಕ್ಸ್ ಅನ್ನು ಸೋತ ತಂಡವೆಂದು ಸುಮ್ಮನೆ ಬದಿಗೆ ಸರಿಸಲಾರರು.

ಇನ್ನು ಫೈನಲ್‌ನ ಶ್ರೇಷ್ಠ ಆಟಗಾರ್ತಿಯಾಗಿ ಆಯ್ಕೆಯಾದ ಜಾಂಕೆಲ್ ಜೋನ್ಸ್. ಬಹಾಮಾಸ್ ದ್ವೀಪಗಳಿಂದ ಬಂದ ಜೋನ್ಸ್ 2019 ಮತ್ತು 2022ರಲ್ಲಿ ಕನೆಕ್ಟಿಕಟ್ ಸನ್ ತಂಡದಲ್ಲಿದ್ದಾಗ, 2023ರಲ್ಲಿ ಲಿಬರ್ಟಿಯಲ್ಲಿದ್ದಾಗ, ಹೀಗೆ ಮೂರು ಸಲ ಫೈನಲ್‌ನಲ್ಲಿ ಸೋತಿದ್ದರು. 2021ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡವರು ನ್ಯೂಯಾರ್ಕಿಗೆ ಬಂದು ತಮ್ಮ ಎಸೆತಗಳ ಪಾಲನ್ನು ಇತರರೊಂದಿಗೆ ಹಂಚಿಕೊಂಡರು. ಐದನೇ ಪಂದ್ಯದಲ್ಲಿ ಮಿಕ್ಕವರ ಕೈ ಸೋತಾಗ ಅವರು 17 ಅಂಕ ತಂದರು.

ಇಷ್ಟೆಲ್ಲ ಸಾಧ್ಯವಾದದ್ದಕ್ಕೆ ಅಂಕಣದ ಹೊರಗಿನ ಕಾರಣವೂ ಇದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 1997ರಲ್ಲಿ ಲೀಗ್ ಹುಟ್ಟಿದಾಗಿನಿಂದ ಇರುವ ತಂಡ ಇದು. 2024ಕ್ಕೆ ಮುಂಚೆ ಐದು ಫೈನಲ್ ಆಡಿ ಐದನ್ನೂ ಸೋತಿತ್ತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಂಥ ದೊಡ್ಡ ಕ್ರೀಡಾಂಗಣದಲ್ಲಿ ಆಡುತ್ತಿದ್ದ ತಂಡವನ್ನು ಹಿಂದಿನ ಮಾಲೀಕರು ಮಾರಾಟಕ್ಕಿಟ್ಟ ಮೇಲೆ, 2018ರಲ್ಲಿ ಅದನ್ನು ನಗರದ ಹೊರಗೆ, ವೈಟ್ ಪ್ಲೇನ್ಸ್‌ನಲ್ಲಿರುವ ಸುಮಾರು 5,000 ಆಸನಗಳ ಹಳೆಯ ಸಭಾಂಗಣಕ್ಕೆ ಸಾಗಿಸಲಾಯಿತು. ನಗರದ ಪ್ರೇಕ್ಷಕರಿಂದ ದೂರವಾದ ತಂಡ ಆಟದಲ್ಲೂ ಸೊರಗಿತು. 2019ರಲ್ಲಿ ಜೋ ತ್ಸೈ ಮತ್ತು ಕ್ಲಾರಾ ವು ತ್ಸೈ ದಂಪತಿ ತಂಡವನ್ನು ಕೊಂಡುಕೊಂಡರು. ಮರುವರ್ಷ ಕೋವಿಡ್ ಕಾರಣಕ್ಕೆ ಫ್ಲಾರಿಡಾದಲ್ಲಿ ನಡೆದ ಸೀಸನ್ನಿನಲ್ಲಿ ಅಯೊನೆಸ್ಕು ಮೂರನೇ ಪಂದ್ಯಕ್ಕೇ ಗಾಯಗೊಂಡರು, ತಂಡ 2 ಪಂದ್ಯ ಗೆದ್ದು 20 ಸೋತಿತು. 2021ರಿಂದ ಬಾರ್ಕ್ಲೇಸ್ ಸೆಂಟರ್ ಪೂರ್ಣಪ್ರಮಾಣದ ತವರಾಯಿತು.

ಅದೇ ವರ್ಷ ಮಾಲೀಕರು ಆಟಗಾರ್ತಿಯರನ್ನು ವಿಶೇಷ ಬಾಡಿಗೆ ವಿಮಾನದಲ್ಲಿ ಕರೆದೊಯ್ದರು. ಲೀಗಿನ ನಿಯಮಕ್ಕೆ ಅದು ವಿರುದ್ಧವೆಂದು 5 ಲಕ್ಷ ಡಾಲರ್ ದಂಡ ಬಿತ್ತು. ಎಲ್ಲ ತಂಡಗಳಿಗೂ ಆ ಶಕ್ತಿ ಇಲ್ಲ, ಆದ್ದರಿಂದ ಅದು ಅಸಮ ಅನುಕೂಲ ಎಂಬುದು ಲೀಗಿನ ವಾದ. ಆರೂಕಾಲು ಅಡಿ ಮೀರಿದ ಕ್ರೀಡಾಪಟು ರಾತ್ರಿ ಪಂದ್ಯವಾಡಿ, ಬೆಳಿಗ್ಗೆ ಸಾಮಾನ್ಯ ವಿಮಾನದ ಇಕ್ಕಟ್ಟಿನ ಆಸನದಲ್ಲಿ ಮಂಡಿ ಮಡಚಿಕೊಂಡು ಇನ್ನೊಂದು ಊರಿಗೆ ಹೋಗಿ ಮತ್ತೆ ಆಡಬೇಕೆಂಬುದನ್ನು ಸಮಾನತೆಯ ಹೆಸರಿನಲ್ಲಿ ಸಮರ್ಥಿಸಿದ್ದು ನನಗೆ ಈಗಲೂ ಅರಗದ ಸಂಗತಿ. 2024ರಲ್ಲಿ ಲೀಗೇ ಎರಡು ವರ್ಷಕ್ಕೆ 5 ಕೋಟಿ ಡಾಲರ್ ತೆಗೆದಿಟ್ಟು ಎಲ್ಲ ತಂಡಗಳಿಗೂ ಅದೇ ಸೌಲಭ್ಯ ಕೊಟ್ಟಿತು. ತಪ್ಪೆಂದು ದಂಡ ಹಾಕಿದ್ದನ್ನೇ ಮೂರು ವರ್ಷದಲ್ಲಿ ನಿಯಮ ಮಾಡಬೇಕಾಯಿತು.

ಕನ್ನಡದಲ್ಲಿ ಇದನ್ನು ಬರೆಯಲು ನನಗೆ ಕಾರಣವಿದೆ. 2017ರಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗದ ಪ್ರಶಸ್ತಿ ಗೆದ್ದರು. 2011ರಲ್ಲಿ ಕೇರಳದ ಗೀತು ಅನ್ನಾ ಜೋಸ್ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಯವರೆಗೂ ಹೋಗಿ ಬಂದಿದ್ದರು. ಪ್ರತಿಭೆ ಇಲ್ಲದೆ ಇದು ಆಗುವುದಿಲ್ಲ. ಆದರೆ ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯ ಮುಂದಿರುವ ದೊಡ್ಡ ಗುರಿ ಇಂದಿಗೂ ರೈಲ್ವೆಯ ನೌಕರಿಯೇ. ಆ ನೌಕರಿ ನೂರಾರು ಮನೆಗಳನ್ನು ನಡೆಸಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಟವೇ ವೃತ್ತಿಯಾಗುವ ದಾರಿ ಮಾತ್ರ ಇನ್ನೂ ತೆರೆದಿಲ್ಲ.

ಬ್ರಾಂಡೆಲ್ಲೊ ಅವರ ವಿಷಯದಲ್ಲಿ ತಂಡದ ಆಡಳಿತದ ಮೇಲೆ ನನಗೆ ಬೇಸರವಿದೆ. ಆ ಬೇಸಿಗೆಯಲ್ಲಿ ಅವರು ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿ ಆಸ್ಟ್ರೇಲಿಯಾ ತಂಡಕ್ಕೆ ಕಂಚು ಗೆಲ್ಲಿಸಿ, ಹಿಂದಿರುಗಿ ಬಂದು ಲಿಬರ್ಟಿಗೆ ಮೊದಲ ಪ್ರಶಸ್ತಿ ತಂದುಕೊಟ್ಟರು. 2025ರಲ್ಲಿ ಗಾಯಗಳ ಹಾವಳಿಯಿಂದ ತಂಡ ಮೊದಲ ಸುತ್ತಿನಲ್ಲೇ ಫೀನಿಕ್ಸ್ ಮರ್ಕ್ಯುರಿಗೆ ಸೋತಾಗ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಸಬಾಲಿಯ ಮೊಣಕಾಲು ವಾಸಿಯಾಗಲು ಕಾದ ಸಂಸ್ಥೆಗೆ ಕೋಚ್‌ಗಾಗಿ ಇನ್ನೊಂದು ವರ್ಷ ಕಾಯುವುದು ಆಗದ ಕೆಲಸವೇನೂ ಆಗಿರಲಿಲ್ಲ.

ಆಟಗಾರ್ತಿಯರ ಸಂಬಳದ ಪ್ರಶ್ನೆ ಆ ಗೆಲುವಿನ ಮರುದಿನವೇ ಎದ್ದು ನಿಂತಿತು. 2024ರ ಜುಲೈನಲ್ಲಿ ಲೀಗ್ 11 ವರ್ಷಗಳಿಗೆ ಸುಮಾರು 220 ಕೋಟಿ ಡಾಲರ್ ಮೌಲ್ಯದ ಪ್ರಸಾರ ಒಪ್ಪಂದ ಪ್ರಕಟಿಸಿತ್ತು. ಆದರೆ ಅದೇ ವರ್ಷ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದ ಕೇಟ್ಲಿನ್ ಕ್ಲಾರ್ಕ್ ಅವರ ವರ್ಷದ ಸಂಬಳ 76,535 ಡಾಲರ್. ಬಾರ್ಕ್ಲೇಸ್‌ನಲ್ಲಿ ಅಷ್ಟು ಜನರು ಸೇರಿದ್ದ ರಾತ್ರಿ ಕಳೆದು ಬೆಳಗಾದ ಅಕ್ಟೋಬರ್ 21ರಂದು ಆಟಗಾರ್ತಿಯರ ಸಂಘವು ಹಳೆಯ ವೇತನ ಒಪ್ಪಂದದಿಂದ ಹೊರಬರುವುದಾಗಿ ತಿಳಿಸಿತು. ಸಂಘದ ಉಪಾಧ್ಯಕ್ಷರ ಸಾಲಿನಲ್ಲಿ ಸ್ಟೂವರ್ಟ್ ಮತ್ತು ಕಾಲಿಯರ್ ಇಬ್ಬರ ಹೆಸರೂ ಇತ್ತು.