3.2 ಆದ ಮೇಲೆ 3.3 ಬರಬೇಕು, ಅಲ್ವಾ?

ಪ್ರಬಂಧ ಬರೆಯುವುದೇ ಕಷ್ಟ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಅದರ ತಲೆಬರಹಗಳ ನಂಬರ್ ಸರಿ ಮಾಡುವುದು ಇನ್ನೂ ಕಷ್ಟ. 3.2 ಆದ ಮೇಲೆ ಬರುವುದು 1.1. ಇಲ್ಲವೇ ಮತ್ತೆ 3.2. ಯಾವುದೋ ಒಂದು ಸಾಲು ಮಾತ್ರ ಬಲಕ್ಕೆ ಜರುಗಿ ಕೂತಿರುತ್ತದೆ.

ಪುಟದ ಮೇಲಿನ ಅಳತೆಪಟ್ಟಿ, ಅಂದರೆ ರೂಲರ್‌ನ ಗುರುತು ಎಳೆದರೆ ಆ ಒಂದು ಪ್ಯಾರಾ ಸರಿಯಾಗುತ್ತದೆ, ಉಳಿದವು ಹಾಗೇ ಇರುತ್ತವೆ. ಯಾಕೆಂದರೆ ಇಂಡೆಂಟ್‌ನ (ಸಾಲು ಅಂಚಿನಿಂದ ಎಷ್ಟು ಜರುಗಬೇಕೆಂಬುದರ) ಮೂಲ ಅಳತೆ ಇರುವುದು 1, 1.1 ಎಂದು ಹಂತ ಹಂತವಾಗಿ ನಂಬರ್ ಕೊಡುವ ಮಲ್ಟಿಲೆವೆಲ್ ಲಿಸ್ಟ್‌ನ ಸೆಟ್ಟಿಂಗ್‌ನಲ್ಲಿ, ಒಂದೊಂದು ಹಂತಕ್ಕೂ ಬೇರೆ ಬೇರೆ. ಅಲ್ಲಿ ಹೋಗಿ ಪ್ರತಿ ಹಂತವನ್ನೂ ಹೆಡಿಂಗ್ 1, ಹೆಡಿಂಗ್ 2 ಎಂಬ ಸಿದ್ಧ ತಲೆಬರಹ ಸ್ಟೈಲ್‌ಗಳಿಗೆ ಜೋಡಿಸಿದರೆ ನಂಬರ್ ಹದ್ದುಬಸ್ತಿಗೆ ಬರುತ್ತದೆ. ಇಷ್ಟು ಮುಖ್ಯವಾದದ್ದನ್ನು ಮೆನುವಿನೊಳಗಿನ ಮೆನುವಿನಲ್ಲಿ ಬಚ್ಚಿಡುವುದು ಯಾವ ನ್ಯಾಯ? ಎದುರಿಗೇ ಕಾಣುವ ನಂಬರಿಂಗ್ ಬಟನ್ ನಂಬಿ ಒತ್ತಿದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನು ಪೇಸ್ಟ್ ಮಾಡುವ ಗೋಳು. ಬೇರೆ ಫೈಲಿನಿಂದ ತಂದ ಪ್ಯಾರಾ ತನ್ನ ಲಿಸ್ಟನ್ನೂ ಜೊತೆಗೇ ತರುತ್ತದೆ, ಕರೆಯದ ನೆಂಟರು ಹಾಸಿಗೆ ಸಮೇತ ಬಂದಂತೆ. ಅದರ ಫಾರ್ಮ್ಯಾಟ್ ಅಡಗಿರುವುದು ಪ್ಯಾರಾದ ಕೊನೆಯ ಗುರುತಿನಲ್ಲಿ (¶). ಆ ಗುರುತೋ, ತೋರಿಸು ಎಂದು ಹೇಳದೆ ಕಣ್ಣಿಗೇ ಕಾಣುವುದಿಲ್ಲ. ಬರೀ ಅಕ್ಷರಗಳನ್ನು ಪೇಸ್ಟ್ ಮಾಡುವ ಆಯ್ಕೆ ಇದೆ, ನಿಜ. ಆದರೆ ಬೋಲ್ಡ್, ಇಟಾಲಿಕ್, ಅಡಿಟಿಪ್ಪಣಿ ಎಲ್ಲ ಹೋಗುತ್ತವೆ.

ನಾಳೆ ಸಲ್ಲಿಸಬೇಕಾದವರು ರಾತ್ರಿ ಕೂತು ತಮ್ಮ ವಾದವನ್ನು ತಿದ್ದಬೇಕು. ಅವರ ಸಮಯವೆಲ್ಲ ನಂಬರ್ ತಿದ್ದುವುದರಲ್ಲೇ ಹೋಗುತ್ತದೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಕೊನೆಗೆ ಬೇಸತ್ತು ಕೈಯಿಂದಲೇ 3.3 ಎಂದು ಟೈಪ್ ಮಾಡುತ್ತಾರೆ. ಮಾರ್ಗದರ್ಶಕರು ನಡುವೆ ಒಂದು ಭಾಗ ಸೇರಿಸಿ ಎಂದರೆ, ಕೆಳಗಿನದ್ದನ್ನೆಲ್ಲ ಮತ್ತೆ ಕೈಯಲ್ಲೇ ಬದಲಿಸಬೇಕು.