ಪಾಸ್ತಾಗೂ ಒಂದು ಅಳತೆ ಇರಲಿ

ನಮ್ಮ ಮೈಸೂರು, ಮಂಡ್ಯದ ಮನೆಗಳಲ್ಲಿ ಅನ್ನಕ್ಕೆ ಇಡುವಾಗ ಯಾರೂ ಅಕ್ಕಿ ಚೀಲವನ್ನೇ ಬಗ್ಗಿಸಿ ಸುರಿಯುವುದಿಲ್ಲ. ಪಾವೋ, ಅರೆಪಾವೋ, ಡಬ್ಬದೊಳಗೇ ಬಿದ್ದಿರುವ ಹಳೇ ಲೋಟವೋ, ಏನಾದರೂ ಒಂದು ಅಳತೆ ಇದ್ದೇ ಇರುತ್ತದೆ. ಉಪ್ಪಿಟ್ಟಿನ ರವೆಗೂ ಅಷ್ಟೆ. ಪಾಸ್ತಾ ಮಾಡುವ ದಿನ ಮಾತ್ರ ಪ್ಯಾಕೆಟ್ ಮೂಲೆ ಕತ್ತರಿಸಿ, ಕುದಿಯುವ ನೀರಿಗೆ ನೇರವಾಗಿ ಸುರಿದು, "ಸಾಲಲ್ವೇನೋ" ಅಂತ ಇನ್ನೊಂದಿಷ್ಟು ಸೇರಿಸುತ್ತೇವೆ. ರಾತ್ರಿ ಪಾತ್ರೆಯಲ್ಲಿ ಅಂಟಿಕೊಂಡು ಉಳಿಯುವುದು ಆ ಇನ್ನೊಂದಿಷ್ಟೇ. ಪಾಸ್ತಾ ರುಚಿ ಕೆಡುವುದಕ್ಕೆ ಸಾಸ್, ಚೀಸ್, ಮಸಾಲೆ ಕಾರಣ ಅಂದುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ಬಹಳಷ್ಟು ಸಲ ಅದು ಕೆಡುವುದು ಅಳತೆಯಲ್ಲಿ.

ಮೊದಲು ನೆನಪಿಡಬೇಕಾದ ಸಂಖ್ಯೆ 80. ದೊಡ್ಡವರೊಬ್ಬರಿಗೆ 80 ಗ್ರಾಂ ಒಣ ಪಾಸ್ತಾ. ಇಟಲಿಯ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರ ಪಾಲು ಅಂತ ಇಟ್ಟಿರುವುದೂ ಇದನ್ನೇ. ಅಮೆರಿಕದಿಂದ ಬಂದ ಪ್ಯಾಕೆಟ್ಟಿನ ಹಿಂದೆ 56 ಗ್ರಾಂ ಅಂತ ಇದ್ದರೆ ಗಾಬರಿ ಬೇಡ. ಅದು ಅವರ ಎರಡು ಔನ್ಸಿನ ಲೆಕ್ಕ, ರಾತ್ರಿ ಊಟಕ್ಕೆ ಪಾಸ್ತಾ ಒಂದೇ ಅಂದರೆ ಸಾಲುವುದಿಲ್ಲ. ನಮ್ಮ ಊಟದ ಕ್ರಮಕ್ಕೆ ಹೀಗೆ ಇಟ್ಟುಕೊಳ್ಳಬಹುದು: ಊಟಕ್ಕೆ ಪಾಸ್ತಾ ಮಾತ್ರ ಅಂದರೆ 80, ತುಂಬ ಹಸಿದವರಿಗೆ 100. ಕ್ಯಾಪ್ಸಿಕಂ, ಕ್ಯಾರೆಟ್, ಬಟಾಣಿ, ಪನೀರ್ ಎಲ್ಲ ಧಾರಾಳವಾಗಿ ಹಾಕಿದರೆ 60 ಸಾಕು. ಸಂಜೆ ತಿಂಡಿಗೆ 50. ಸೂಪಿಗೆ ಹಾಕುವುದಾದರೆ ತಲೆಗೆ 25ರಿಂದ 30 ಗ್ರಾಂ ದಾಟಬಾರದು, ದಾಟಿದರೆ ಸೂಪನ್ನೆಲ್ಲ ಅದೇ ಕುಡಿದುಬಿಡುತ್ತದೆ. ನಾಲ್ಕೈದು ವರ್ಷದ ಮಗುವಿಗೆ 40, ಮಿಡ್ಲ್ ಸ್ಕೂಲ್ ಮಕ್ಕಳಿಗೆ 60. ಅಪ್ಪ, ಅಮ್ಮ, ಅಜ್ಜಿ, ಒಂದು ಮಗು ಇರುವ ಮನೆಗೆ 80, 80, 50, 40 ಸೇರಿಸಿ 250 ಗ್ರಾಂ. ಅಂದರೆ 500 ಗ್ರಾಂ ಪ್ಯಾಕೆಟ್ಟಿನಲ್ಲಿ ಸರಿಯಾಗಿ ಅರ್ಧ.

ಈ ಲೆಕ್ಕವೆಲ್ಲ ಒಣ ಪಾಸ್ತಾದ್ದು. ಬೆಂದ ಮೇಲೆ ತೂಗಿದರೆ ಉಪಯೋಗವಿಲ್ಲ, ಯಾಕೆಂದರೆ ಬೆಂದ ಪಾಸ್ತಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಸ್ವಲ್ಪ ಗಟ್ಟಿ ಇರುವಾಗಲೇ ಬಸಿದರೆ 80 ಗ್ರಾಂ ಹೋಗಿ 170 ಆಗುತ್ತದೆ. ನಮ್ಮ ಮನೆಗಳಲ್ಲಿ ಇಷ್ಟಪಡುವ ಹಾಗೆ ಮೆತ್ತಗೆ ಬೇಯಿಸಿದರೆ 200 ಗ್ರಾಂವರೆಗೂ ಹೋಗುತ್ತದೆ. ತಟ್ಟೆ ತುಂಬಿದ ಹಾಗೆ ಕಂಡರೂ ಒಳಗಿರುವ ಹಿಟ್ಟು ಅಷ್ಟೇ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಇದು ಮುಖ್ಯ. 80 ಗ್ರಾಂ ಒಣ ಪಾಸ್ತಾದಲ್ಲಿ ಹತ್ತಿರ ಹತ್ತಿರ 60 ಗ್ರಾಂ ಕಾರ್ಬೋಹೈಡ್ರೇಟ್, 280 ಕ್ಯಾಲೊರಿ ಇರುತ್ತದೆ. ಅಂದಾಜಿನ ಕೈ ಅದನ್ನು 130 ಗ್ರಾಂ ಮಾಡಿದರೆ, ತಿನ್ನುವವರಿಗೆ ಗೊತ್ತೇ ಆಗದೆ ಒಂದೂವರೆ ಪಾಲಿಗಿಂತ ಹೆಚ್ಚು ಒಳಗೆ ಹೋಗಿರುತ್ತದೆ.

ಕಣ್ಣು ಯಾಕೆ ಮೋಸ ಹೋಗುತ್ತದೆ? ಅಕ್ಕಿ ಬೆಂದರೆ ಸುಮಾರು ಮೂರು ಪಟ್ಟು ತೂಗುತ್ತದೆ, ಪಾಸ್ತಾ ಎರಡು, ಎರಡೂವರೆ ಪಟ್ಟು. ಅನ್ನಕ್ಕೆ ಒಗ್ಗಿದ ಕಣ್ಣಿಗೆ ಹಾಗಾಗಿ ಒಂದು ಗೊಂದಲ. ಇನ್ನೊಂದು, ಒಣ ಪಾಸ್ತಾದ ಆಕಾರ. ಪೆನ್ನೆ ಒಳಗೆ ಟೊಳ್ಳು, ಸುರುಳಿಯ ಫುಸಿಲಿ ಒಂದಕ್ಕೊಂದು ಕೂರುವುದಿಲ್ಲ, ಚಿಟ್ಟೆ ಆಕಾರದ ಫಾರ್ಫಲ್ಲೆ ಅಂತೂ ಪಾತ್ರೆ ತುಂಬ ಜಾಗ ಹಿಡಿದು ತೂಕವೇ ಇರುವುದಿಲ್ಲ. 240 ಮಿ.ಲೀ. ಕಪ್ಪಿಗೆ ಬಾಗಿದ ಸಣ್ಣ ಮ್ಯಾಕರೋನಿ ಸುಮಾರು 110 ಗ್ರಾಂ ಹಿಡಿಯುತ್ತದೆ, ಪೆನ್ನೆ 85ರ ಆಸುಪಾಸು, ಫಾರ್ಫಲ್ಲೆ 75. ಒಂದೇ ಕಪ್ಪಿನಲ್ಲಿ 35 ಗ್ರಾಂ ವ್ಯತ್ಯಾಸ! ಅದಕ್ಕೇ "ಎರಡು ಕಪ್ ಪಾಸ್ತಾ ತೊಗೊಳ್ಳಿ" ಅಂತ ಶುರುವಾಗುವ ಅಡುಗೆ ವಿಡಿಯೋಗಳನ್ನು ನಂಬಬೇಡಿ ಅನ್ನುತ್ತೇನೆ. ಯಾವ ಆಕಾರ ಅಂತ ಹೇಳದೆ ಕಪ್ಪಿನ ಲೆಕ್ಕ ಕೊಟ್ಟರೆ ಅದು ಲೆಕ್ಕವೇ ಅಲ್ಲ.

ಒಳ್ಳೆಯ ದಾರಿ ಒಂದೇ, ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ದುಬಾರಿಯದ್ದು ಬೇಡ. ಸಮತಟ್ಟಾದ ಕಟ್ಟೆ ಮೇಲೆ ಇಟ್ಟು, ಖಾಲಿ ಬಟ್ಟಲು ಇಟ್ಟು, ಟೇರ್ ಬಟನ್ ಒತ್ತಿ ಸೊನ್ನೆ ಬಂದ ಮೇಲೆ ಪಾಸ್ತಾ ಹಾಕಿ. ಸೊನ್ನೆ ತಾನಾಗೇ ಓಡಾಡುತ್ತಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ತಕ್ಕಡಿ ಸರಿಯಿದೆಯೇ ಅಂತ ಅನುಮಾನ ಬಂದರೆ ಒಡೆಯದ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಇಟ್ಟು ನೋಡಿ. ಕವರಿನ ತೂಕವೂ ಸೇರಿ 1000ಕ್ಕಿಂತ ಚೂರು ಮೇಲೆ ಬರಬೇಕು. ಬಾತ್‌ರೂಮಿನ ಮುಂದೆ ಇಟ್ಟಿರುವ, ಮನುಷ್ಯರನ್ನು ತೂಗುವ ಯಂತ್ರದಲ್ಲಿ ಇದು ಆಗುವುದಿಲ್ಲ. ಅದಕ್ಕೆ 80 ಗ್ರಾಂ ಗೊತ್ತೇ ಆಗುವುದಿಲ್ಲ.

ತಕ್ಕಡಿ ಇಲ್ಲದಿದ್ದರೆ ಪ್ಯಾಕೆಟ್ಟೇ ತಕ್ಕಡಿ. 400 ಗ್ರಾಂ ಪ್ಯಾಕೆಟ್ ಅಂದರೆ ಐದು ಪಾಲು, 500 ಗ್ರಾಂ ಅಂದರೆ ಆರು ಪಾಲು ಮತ್ತು ಒಂದು ಹಿಡಿ. ತಂದ ದಿನವೇ ದೊಡ್ಡ ತಟ್ಟೆಗೆ ಸುರಿದು, ಒಂದೇ ಗಾತ್ರದ ಲೋಟಗಳಿಗೆ ಸಮನಾಗಿ ಹಂಚಿ. ಒಂದು ಲೋಟದಲ್ಲಿ ಎಲ್ಲಿಯವರೆಗೆ ಬಂತೋ ಅಲ್ಲಿಗೆ ಒಂದು ಗೆರೆ ಎಳೆದುಕೊಂಡರೆ ಆ ಆಕಾರದ ಪಾಸ್ತಾಗೆ ಅಳತೆ ಸಿಕ್ಕಿತು. ಆಕಾರ ಬದಲಾದರೆ ಗೆರೆಯೂ ಬದಲಾಗಬೇಕು, ಇದನ್ನು ಮಾತ್ರ ಮರೆಯಬಾರದು. ರೈಸ್ ಕುಕ್ಕರ್ ಜೊತೆ ಬರುವ 180 ಮಿ.ಲೀ. ಕಪ್ ಮನೆಯಲ್ಲಿದ್ದರೆ ಇನ್ನೂ ಸುಲಭ: ಸಣ್ಣ ಮ್ಯಾಕರೋನಿ ಒಂದು ಕಪ್ ತಲೆಮಟ್ಟ ತುಂಬಿದರೆ ಒಬ್ಬರ ಪಾಲು, ಪೆನ್ನೆ ಅಥವಾ ಫುಸಿಲಿ ಆದರೆ ಒಂದೂಕಾಲು ಕಪ್, ಫಾರ್ಫಲ್ಲೆಗೆ ಒಂದೂವರೆಗೆ ಸ್ವಲ್ಪ ಕಡಿಮೆ. ಕಪ್ಪನ್ನು ಕುಟ್ಟಬೇಡಿ, ಅಲ್ಲಾಡಿಸಬೇಡಿ. ಕುಟ್ಟಿದರೆ ಹೆಚ್ಚು ಹಿಡಿಯುತ್ತದೆ. ಪಾವಿನಲ್ಲೇ ಅಳೆಯುವೆ ಅನ್ನುವವರು ಆ ಪಾವಿಗೆ ಎಷ್ಟು ಮಿ.ಲೀ. ನೀರು ಹಿಡಿಯುತ್ತದೆ ಅಂತ ಮೊದಲು ನೋಡಿಕೊಳ್ಳಿ. ಮನೆಮನೆಯ ಪಾವೂ ಒಂದೇ ಗಾತ್ರ ಇರುವುದಿಲ್ಲ.

ಸಂತೆಪೇಟೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಬಿಡಿಯಾಗಿ ಕೆ.ಜಿ. ಲೆಕ್ಕದಲ್ಲಿ ಮ್ಯಾಕರೋನಿ ತರುವವರಿಗೆ ಒಂದು ಮಾತು. ಡಬ್ಬದ ತಳಕ್ಕೆ ಬಂದಂತೆ ಚೂರು, ಪುಡಿ ಹೆಚ್ಚು. ಚೂರುಗಳು ಸಂದುಗಳಲ್ಲಿ ಕೂತುಬಿಡುವುದರಿಂದ ಅದೇ ಲೋಟಕ್ಕೆ ಹೆಚ್ಚು ತೂಕ ಬರುತ್ತದೆ. ಚೂರು ಬೇಗ ಬೆಂದು ಕರಗಿ ನೀರನ್ನು ಗಂಜಿ ಮಾಡುತ್ತದೆ. ಜರಡಿ ಹಿಡಿದು ಚೂರನ್ನು ಬೇರೆ ಇಟ್ಟು, ಸೂಪಿಗೆ ಹಾಕಿಕೊಳ್ಳಿ.

ಸ್ಪಗೆಟ್ಟಿಗೆ ಬೇರೆಯೇ ಲೆಕ್ಕ, ಅಲ್ಲಿ ಕಟ್ಟಿನ ಅಗಲ ನೋಡಬೇಕು. 25 ಸೆಂ.ಮೀ. ಉದ್ದದ, 1.8 ಮಿ.ಮೀ. ದಪ್ಪದ ಒಂದು ಎಳೆ ಒಂದು ಗ್ರಾಂಗೆ ಚೂರು ಕಡಿಮೆ ತೂಗುತ್ತದೆ. ಹಾಗಾಗಿ 80 ಗ್ರಾಂ ಅಂದರೆ 85ರಿಂದ 90 ಎಳೆ. ಎಣಿಸುತ್ತ ಕೂರಬೇಕಿಲ್ಲ. ಬಿಗಿಯಾಗಿ ಹಿಡಿದ ಕಟ್ಟು ಎರಡು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಗಲ ಇದ್ದರೆ ಒಬ್ಬರಿಗೆ ಸರಿ. ನೀರಿನ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಸಡಿಲವಾಗಿ ತುಂಬಿದರೂ ಹೆಚ್ಚೂಕಡಿಮೆ ಅಷ್ಟೇ ಬರುತ್ತದೆ, ಒತ್ತಿ ತುರುಕಿದರೆ 100 ಗ್ರಾಂ ದಾಟುತ್ತದೆ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ. ಕಟ್ಟು ಅಷ್ಟು ದಪ್ಪ ಬಂದರೆ ಅದು ಇಬ್ಬರ ಪಾಲು.

ಬಹಳ ಜನ ತಪ್ಪುವುದು ಇಲ್ಲೇ. ಇಬ್ಬರಿಗೆ ಅಂತ ಅಗಲವನ್ನು ಎರಡು ಪಟ್ಟು ಮಾಡಿದರೆ ಬರುವುದು ನಾಲ್ವರ ಪಾಲು, ಯಾಕೆಂದರೆ ವೃತ್ತದ ಕ್ಷೇತ್ರಫಲ ಅಗಲದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಇಬ್ಬರಿಗೆ ಅಗಲ 1.4 ಪಟ್ಟು, ಮೂವರಿಗೆ 1.7 ಪಟ್ಟು ಸಾಕು. ಎಳೆ ಸಣ್ಣದೋ ದಪ್ಪವೋ ಅನ್ನುವುದರಿಂದ ಹೆಚ್ಚು ವ್ಯತ್ಯಾಸ ಇಲ್ಲ, ಎಳೆಗಳ ಎಣಿಕೆ ಬದಲಾಗುತ್ತದೆ, ಕಟ್ಟಿನ ತೂಕ ಅಲ್ಲ. ಆದರೆ ಪಾತ್ರೆಗೆ ಹಿಡಿಸಲಿ ಅಂತ ಮುರಿದು ಆಮೇಲೆ ಅಳೆದರೆ ಎಲ್ಲ ಅಡಿಮೇಲು. ಉದ್ದ ಅರ್ಧವಾದರೆ ತೂಕವೂ ಅರ್ಧ. ಅಳೆದು ಆಮೇಲೆ ಮುರಿಯಿರಿ. ಸ್ಪಗೆಟ್ಟಿ ಸೌಟಿನ ನಡುವಿನ ತೂತು ಒಬ್ಬರ ಅಳತೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಆ ತೂತು ಒಂದೊಂದು ಸೌಟಿನಲ್ಲಿ ಒಂದೊಂದು ಗಾತ್ರ, ನೀರು ಇಳಿಯಲು ಇರುವ ತೂತನ್ನು ನಂಬಿ ಅಳೆಯಬೇಡಿ.

ಪಾಸ್ತಾ ತೂಕ ಗೊತ್ತಾದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. 100 ಗ್ರಾಂಗೆ ಒಂದು ಲೀಟರ್ ನೀರು. 250 ಗ್ರಾಂಗೆ ಎರಡೂವರೆ ಲೀಟರ್, ಅಂದರೆ ನಾಲ್ಕು ಲೀಟರ್ ಹಿಡಿಯುವ ಪಾತ್ರೆಯಾದರೂ ಬೇಕು. ಸಣ್ಣ ಪಾತ್ರೆಗೆ ಅರ್ಧ ಕೆ.ಜಿ. ಸುರಿದರೆ ಕುದಿ ನಿಂತುಹೋಗುತ್ತದೆ. ಅದು ಮತ್ತೆ ಕುದಿಯುವಷ್ಟರಲ್ಲಿ ಹೊರಗಿನ ಹಿಟ್ಟು ನೆನೆದು ಒಂದಕ್ಕೊಂದು ಅಂಟಿ, ಒಳಗೆ ಹಸಿ, ಹೊರಗೆ ಲೋಳೆ. ಎಣ್ಣೆ ಹಾಕಿದರೆ ಸರಿಹೋಗುವ ತೊಂದರೆ ಇದಲ್ಲ, ಎಣ್ಣೆ ಮೇಲೆ ತೇಲುತ್ತದೆ. ನೀರು ಸ್ವಲ್ಪ ಕಡಿಮೆ ಇದ್ದರೆ ಮೊದಲ ಎರಡು ನಿಮಿಷ ಬಿಡದೆ ಕೈಯಾಡಿಸಿ. ಉಪ್ಪು ಲೀಟರಿಗೆ 7ರಿಂದ 10 ಗ್ರಾಂ. ಪುಡಿ ಉಪ್ಪಾದರೆ ಟೀ ಚಮಚ ತಲೆಮಟ್ಟ ಸುಮಾರು 6 ಗ್ರಾಂ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ಹರಳಿನ ಗಾತ್ರದ ಮೇಲೆ ತೂಕ ಬದಲಾಗುತ್ತದೆ. ಅರ್ಧ ಕೆ.ಜಿ. ಟೊಮೆಟೊ ಬೇಯಿಸಿ ಇಂಗಿಸಿದರೆ 250 ಗ್ರಾಂ ಪಾಸ್ತಾಗೆ ಸರಿಯಾಗಿ ಹಿಡಿಯುತ್ತದೆ. ಇನ್ನೊಂದು 100 ಗ್ರಾಂ ಪಾಸ್ತಾ ಅಂದಾಜಿನಲ್ಲಿ ಜಾಸ್ತಿ ಬಿದ್ದಿದ್ದರೆ ಅದೇ ಸಾಸ್ ಸಪ್ಪೆ. ಆಮೇಲೆ ಕೆಚಪ್ ಸುರಿದು ಸರಿಮಾಡುವ ಪಾಡು.

ಪ್ಯಾಕೆಟ್ ಮೇಲಿನ ಸಮಯದ ಬಗ್ಗೆಯೂ ಇಷ್ಟು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಇಲ್ಲಿ ನೀರು ಕುದಿಯುವುದು 97 ಡಿಗ್ರಿ ದಾಟಿದ ಮೇಲೆ, 100ಕ್ಕೆ ಅಲ್ಲ. ಮಂಡ್ಯದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ಬರೆದದ್ದಕ್ಕಿಂತ ಒಂದು ನಿಮಿಷ ಹೆಚ್ಚು ಬೇಕಾಗಬಹುದು. ಗಡಿಯಾರಕ್ಕಿಂತ ಒಂದನ್ನು ಕಚ್ಚಿ ನೋಡುವುದೇ ಸರಿ.

ಇಷ್ಟಾದರೂ ಕೆಲವು ದಿನ ಉಳಿಯುತ್ತದೆ, ಊಟಕ್ಕೆ ಬರುತ್ತೇನೆಂದವರು ಬರದೇ ಇರಬಹುದು. ಸಾಸಿಗೆ ಸೇರಿಸುವ ಮೊದಲೇ ಹೆಚ್ಚಿನದನ್ನು ತೆಗೆದು, ಒಂದು ಚಮಚ ಎಣ್ಣೆ ಸವರಿ, ಆರಿಸಿ, ಎರಡು ಗಂಟೆಯೊಳಗೆ ಮುಚ್ಚಳದ ಡಬ್ಬದಲ್ಲಿ ಫ್ರಿಜ್ಜಿಗೆ ಇಡಿ. ಎರಡು ದಿನದೊಳಗೆ ಮುಗಿಸಿ. ಬಳಸುವಾಗ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಬಿಡಿಬಿಡಿಯಾಗುತ್ತದೆ. ಆ ಬೆಂದ ಪಾಸ್ತಾ 180 ಗ್ರಾಂ ಇದ್ದರೆ ಅದನ್ನು ಒಬ್ಬರ ಪಾಲು ಅಂತ ಹಿಡಿದು, ಮಾರನೇ ದಿನದ ಲೆಕ್ಕದಲ್ಲಿ 80 ಗ್ರಾಂ ಕಡಿಮೆ ಹಾಕಿ.