ಬೀಡಿ ಕಟ್ಟುವವರ ಕೆಮ್ಮು: ಒಂದು ಸ್ಪಷ್ಟನೆ

'ಮಂಗಳೂರು ಕಡೆ ಬೀಡಿ ಕಟ್ಟುವ ಹೆಂಗಸರು ಬೀಡಿ ಸೇದುವುದಿಲ್ಲ, ಹಾಗಾಗಿ ಅವರ ಕೆಮ್ಮು, ಸೊಂಟನೋವು ವಂಶದಿಂದ ಬಂದದ್ದು' ಎಂಬ ಸಂದೇಶ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ತಪ್ಪು.

ಸೇದದಿದ್ದರೂ ಹೊಗೆಸೊಪ್ಪಿನ ಧೂಳು ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ನಿಕೋಟಿನ್ ಬೆರಳಿನ ಚರ್ಮದಿಂದಲೂ ಮೈಸೇರುತ್ತದೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರೆ ಲೆಕ್ಕ ಕಡಿಮೆ, ಆದ್ದರಿಂದ ಮೊರ ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಬಾಗಿ ಕೂರುತ್ತಾರೆ. ಮನೆಯೇ ಕೆಲಸದ ಜಾಗ, ಧೂಳಿಗೆ ಮಕ್ಕಳೂ ಪಾಲುದಾರರು. ಅಮ್ಮನಿಗೂ ಮಗಳಿಗೂ ಒಂದೇ ಕೆಮ್ಮು ಕಂಡರೆ ರಕ್ತವನ್ನು ದೂರುವ ಮೊದಲು ಇಬ್ಬರೂ ಕೂತ ಜಗಲಿಯನ್ನು ನೋಡಬೇಡವೇ?